ಅಂಗೈಯಿಂದ ಉದುರಿದ ಅಖಾಡದ ಮಣ್ಣು

ಮರಿಮಗ ಫೋನಿನಲ್ಲಿ ಕುಸ್ತಿ ನೋಡುತ್ತ, "ಎಲ್ಲಾ ಮೊದಲೇ ಮಾತಾಡ್ಕೊಂಡಿರ್ತಾರೆ ದಾದಿ" ಎಂದು ನಕ್ಕ. ತೊಂಬತ್ತು ದಾಟಿದ ನನ್ನ ಮೂಗಿಗೆ ಅರಿಶಿನ, ಮಜ್ಜಿಗೆ ಕಲಸಿದ ಅಖಾಡದ ಕೆಮ್ಮಣ್ಣಿನ ವಾಸನೆ ಬಂತು.

ನಾನು ಚಿಕ್ಕವಳಿದ್ದಾಗ ನನ್ನ ಅಬ್ಬಾ ಶಿರಸಿಯಲ್ಲಿ ಬಾಡಿಗೆ ಎತ್ತಿನಗಾಡಿ ಹೊಡೆಯುತ್ತಿದ್ದರು. ಊರೂರಲ್ಲಿ ಟಿಕೆಟ್ಟಿಟ್ಟು ಕುಸ್ತಿ ತೋರಿಸುವ ಇಬ್ಬರು ಪೈಲ್ವಾನರನ್ನು ಯಲ್ಲಾಪುರದಿಂದ ಕರೆತಂದವರು ಅವರೇ. ಹಿಂದಿನ ವರ್ಷ ಒಂದೇ ತಟ್ಟೆಯಲ್ಲಿ ಉಂಡವರು ಈ ಸಲ ದಾರಿಯುದ್ದಕ್ಕೂ ಮಾತೇ ಆಡಲಿಲ್ಲವಂತೆ.

ಕುಸ್ತಿಗೆ ಮೊದಲು ಒಬ್ಬರ ಅಂಗೈಗೆ ಒಬ್ಬರು ಮಣ್ಣು ಹಾಕುವುದು ಪದ್ಧತಿ. ನಿನ್ನ ಮೇಲೆ ಸಿಟ್ಟಿಲ್ಲ ಎಂದು ಅದರ ಅರ್ಥ. ಅಂದು ಡೇರೆಯೊಳಗೆ ನಾನೂ ಅಬ್ಬಾನೂ ಕೂತು ನೋಡುತ್ತಿದ್ದಾಗ, ಇಬ್ಬರಲ್ಲಿ ಕಿರಿಯವನು ಹಾಕಿದ ಮಣ್ಣನ್ನು ಹಿರಿಯವನು ಕಣ್ಣೆತ್ತದೆ ನೆಲಕ್ಕೆ ಉದುರಿಸಿದ.

ಅಬ್ಬಾ ನನ್ನ ಕೈ ಹಿಡಿದು ಎದ್ದುಬಿಟ್ಟರು.

"ಎಂತ ಸಾಯ್ಬರೆ, ಈಗಷ್ಟೇ ಶುರುವಾತು, ಕೂತ್ಕಳಿ" ಎಂದರು ಪಕ್ಕದಲ್ಲಿದ್ದ ಹುಲೇಕಲ್ಲಿನ ಹೆಗಡೆಯವರು.

"ಇದು ಆಟ ಅಲ್ಲ ಹೆಗಡೇರೆ. ನಿಲ್ಸೋಕೆ ಹೇಳಿ."

ಯಾರೂ ಹೇಳಲಿಲ್ಲ. ನಾವು ಡೇರೆಯ ಬಾಗಿಲು ದಾಟುವಾಗ ಒಣ ಕಟ್ಟಿಗೆ ಮುರಿದಂಥ ಸದ್ದು ಕೇಳಿತು. ಒಳಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಮರುದಿನ ಅಬ್ಬಾನ ಗಾಡಿಯಲ್ಲಿ ಹಿರಿಯವನೊಬ್ಬನೇ ವಾಪಸು ಹೋದ.

ಮರಿಮಗನ ಫೋನಿನಲ್ಲೂ ಜನ ಕೂಗುತ್ತಿದ್ದರು. "ಶುರುವಿಗೆ ಇಬ್ರೂ ಕೈ ಕುಲುಕಿದ್ರೇನೋ?" ಎಂದು ಕೇಳಿದೆ.

"ಅದನ್ನೆಲ್ಲ ಯಾರು ನೋಡ್ತಾರೆ ದಾದಿ?" ಎಂದ.