ಮಡಿಲಲ್ಲಿ ಕೂರಿಸಿ ಸೂಜಿ

ಹೊಳೆನರಸೀಪುರದ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ಹೋದ ವರ್ಷ ಹಾಸನದಲ್ಲಿ ನರ್ಸ್‌ಗಳಿಗೆ ತರಬೇತಿ ಎಂದಾಗ, ಈ ವಯಸ್ಸಿನಲ್ಲಿ ಇನ್ನೇನು ಕಲಿಯುವುದು ಅನ್ನಿಸಿತು. ಒಂದು ದಿನ ವಾರ್ಡಿನ ಗದ್ದಲವಾದರೂ ತಪ್ಪೀತು ಎಂದು ಬಸ್ ಹತ್ತಿದೆ.

ಪಾಠ ಹೇಳಲು ಬಂದವಳು ಚನ್ನರಾಯಪಟ್ಟಣದ ಕಡೆಯ ನರ್ಸ್, ನನ್ನ ಮಗಳ ವಯಸ್ಸಿನವಳು. ಹೆದರಿದ ಮಗುವಿಗೆ ಸೂಜಿ ಹಾಕುವುದು ಹೇಗೆ ಎಂಬುದು ಅವತ್ತಿನ ವಿಷಯ.

"ಅಕ್ಕಾ, ನೀವೇ ಮಗು," ಎಂದು ನನ್ನನ್ನು ಮೇಜಿನ ಮೇಲೆ ಮಲಗಿಸಿದಳು. ಒಬ್ಬಳು ಕೈ ಹಿಡಿದಳು, ಇನ್ನೊಬ್ಬಳು ಕಾಲು. ಸೂಜಿಯ ಬದಲು ಪಾಠದವಳ ಕೈಯಲ್ಲಿ ಒಂದು ಪೆನ್ನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮುಖಗಳು ನನ್ನ ಮೇಲೆ ಬಗ್ಗಿದ ಕೂಡಲೇ ನಿಜಕ್ಕೂ ಭಯವಾಯಿತು. ಕೈ ಬಿಡಿಸಿಕೊಳ್ಳಲು ಎಳೆದೆ, ಬಿಡಲಿಲ್ಲ.

"ಈಗ ಎದ್ದು ಇವರ ತೊಡೆ ಮೇಲೆ ಕೂತ್ಕೊಳಿ," ಎಂದಳು. 'ಇವರು' ಎಂದರೆ ಅರಕಲಗೂಡಿನಿಂದ ಬಂದಿದ್ದ ಸಣಕಲು ನರ್ಸ್.

"ಅಯ್ಯೋ, ನನ್ನ ಸೊಂಟ ಓಯ್ತು ಕಣಕ್ಕಾ!" ಎಂದು ಕೂಗಿಕೊಂಡರೂ ಅವಳು ನನ್ನನ್ನು ಎದೆಗೆ ಅವುಚಿಕೊಂಡಳು. ಅವಳ ಹೆಗಲಿಗೆ ಗಲ್ಲ ಆನಿಸಿ ಕೈ ಪಕ್ಕಕ್ಕೆ ಚಾಚಿದೆ. ಅದೇ ಕೈ, ಅದೇ ಸೂಜಿಯ ನಟನೆ. ಭಯ ಮಾತ್ರ ಇರಲಿಲ್ಲ.

ಮರುವಾರ ನಮ್ಮ ವಾರ್ಡಿಗೆ ವಾಂತಿಯಿಂದ ಬಳಲಿದ ಪುಟ್ಟ ಹುಡುಗಿಯೊಬ್ಬಳು ಬಂದಳು. ಡ್ರಿಪ್ ಹಾಕಬೇಕಿತ್ತು. ಸೂಜಿ ಹಾಕಲು ಮಲಗಿಸುವ ಮೇಜು ಕಂಡದ್ದೇ ಅಜ್ಜಿಯ ಸೆರಗು ಹಿಡಿದು ಕಿರುಚತೊಡಗಿದಳು.

"ನಾನು ಆಚೆ ಓಗ್ತೀನಿ ಕಣವ್ವಾ, ನನ್ಕೈಲಿ ನೋಡಕ್ಕಾಗಕಿಲ್ಲ," ಎಂದರು ಅಜ್ಜಿ.

"ಎಲ್ಲೂ ಹೋಗ್ಬೇಡಿ ಅಜ್ಜಿ. ಎತ್ಕೊಂಡು ಇಲ್ಲೇ ಕೂತ್ಕೊಳಿ. ಮುಖ ನಿಮ್ಮ ಕಡೆಗಿರಲಿ. ಏನಾದ್ರೂ ಮಾತಾಡಿಸ್ತಾ ಇರಿ."

ಅಜ್ಜಿಗೆ ತೋಚಿದ್ದು ಮನೆಯಲ್ಲಿ ಎಮ್ಮೆ ಕರು ಹಾಕಿದ ಸುದ್ದಿ. "ಕರಕ್ಕೆ ನೀನೇ ಎಸ್ರಿಡ್ಬೇಕು ಕಣವ್ವಾ. ಏನಂತ ಕರಿಯಾನ, ಯೋಳು?"

ಸೂಜಿ ಚುಚ್ಚಿದಾಗ ಹುಡುಗಿ ಜೋರಾಗಿ ಅತ್ತಳು. ಆದರೆ ಕೊಸರಾಡಲಿಲ್ಲ. ಮೊದಲ ಸಲಕ್ಕೇ ನರ ಸಿಕ್ಕಿತು. ನಾನು ಕೈಗೆ ಪ್ಲಾಸ್ಟರ್ ಅಂಟಿಸುತ್ತಿದ್ದಾಗ ಬಿಕ್ಕುತ್ತಲೇ, "ಗುಂಡ," ಎಂದಳು.

"ಅದು ಎಣ್ಣು ಕರ ಕಣೇ!" ಎಂದು ಅಜ್ಜಿ ಕಣ್ಣೊರೆಸಿಕೊಂಡು ನಕ್ಕರು.

ಸ್ವಲ್ಪ ಹೊತ್ತಿಗೆ ಮಗು ಅವರ ಹೆಗಲ ಮೇಲೆಯೇ ನಿದ್ದೆಹೋಯಿತು. ಕಾಲು ಹಿಡಿಯಲೆಂದು ಬಂದು ಸುಮ್ಮನೆ ನಿಂತಿದ್ದ ನನ್ನ ಜೊತೆಯ ಸಿಸ್ಟರ್, "ನಂಗೂ ಇದ ಯೋಳ್ಕೊಡಕ್ಕಾ," ಎಂದಳು.

"ಮುಂದಿನ ಮಗೂಗೆ ನೀನೇ ಹಾಕು. ಪಕ್ಕದಲ್ಲಿ ನಾನಿರ್ತೀನಿ," ಎಂದೆ.

ಈಗ ಆ ಮೇಜಿನ ಪಕ್ಕ ಒಂದು ಕುರ್ಚಿ ಹಾಕಿದ್ದೇವೆ. ಅದರಲ್ಲಿ ಅಮ್ಮಂದಿರು ಕೂರುತ್ತಾರೆ, ಅಜ್ಜಿಯರು ಕೂರುತ್ತಾರೆ. ಮೊನ್ನೆ ಒಬ್ಬ ತಾತ ಮೊಮ್ಮಗನನ್ನು ತಬ್ಬಿ ಕೂತು, ಸೂಜಿ ಹಾಕಿ ಮುಗಿಯುವವರೆಗೂ ತಾವೇ ಕಣ್ಣು ಮುಚ್ಚಿಕೊಂಡಿದ್ದರು.