ತೌಡಿನ ಬಣ್ಣದ ಮಿರರ್

ಗಂಗಾವತಿಯ ಗ್ಯಾರೇಜ್ ಸಾಲಿನ ಪೇಂಟರ್ ಶಾಮೀದಸಾಬರನ್ನು ಬಹಳ ಸಮಾಧಾನದ ಮನುಷ್ಯರೆಂದು ನಾನು ಮೊದಮೊದಲು ತಿಳಿದಿದ್ದೆ. ಗಿರಾಕಿ ಎಷ್ಟೇ ಕೂಗಾಡಲಿ, ಅವರು ಒಂದು ಕಣ್ಣು ಮುಚ್ಚಿ ಡಬ್ಬಿಯಲ್ಲಿ ಬಣ್ಣ ಕಲಕುತ್ತಲೇ ಇರುತ್ತಿದ್ದರು. ಅದು ಸಮಾಧಾನವಲ್ಲ, ಬಾಯಿಗೆ ಬಂದ ಬೈಗುಳವನ್ನು ಹಲ್ಲಿನಲ್ಲೇ ಕಚ್ಚಿ ಹಿಡಿಯುವ ಕಷ್ಟ ಎಂಬುದು ಅಮರಪ್ಪನವರ ಕಾರಿನಿಂದ ಗೊತ್ತಾಯಿತು.

ಅಮರಪ್ಪನವರು ಅಕ್ಕಿ ಗಿರಣಿಯ ಮಾಲೀಕರು. ಅವರಿಗಿಂತ ಮೊದಲು ಅವರ ಹಾರ್ನ್ ಬರುತ್ತಿತ್ತು. ಗಿರಣಿಯ ಗೇಟಿಗೆ ತಾಗಿ ಕಾರಿನ ಎಡಗಡೆಯ ಮಿರರ್ ಒಡೆದಿತ್ತು. ಹೊಸದನ್ನು ಕೂಡಿಸಿದ್ದರು; ಅದರ ಕರಿ ಕವರಿಗೆ ಕಾರಿನ ಬಣ್ಣ ಹೊಡೆಯಬೇಕಿತ್ತು. ಬಣ್ಣ ಕಲಸುವ ಮೊದಲು ಥಿನ್ನರಿನಲ್ಲಿ ಅದ್ದಿದ ಅರಿವೆಯಿಂದ ಕಾರಿನ ಮೈ ಒರೆಸಿ ನೋಡುವುದು ಸಾಬರ ಪದ್ಧತಿ. ಅರಿವೆ ಹಿಡಿದು ಮುಂದೆ ಹೋದರೆ ಅಮರಪ್ಪನವರು ಅಡ್ಡ ನಿಂತರು.

“ಆ ಹೊಲಸು ಅರಿವಿ ನನ್ನ ಗಾಡಿಗೆ ಹಚ್ಚಬ್ಯಾಡ್ರಿ ಸಾಬ್ರ. ಕಣ್ಣಾಗ ನೋಡ್ರಿ. ಬಣ್ಣ ಕಾಣಂಗಿಲ್ಲೇನು?”

ಸಾಬರಿಗೆ ಸಿಟ್ಟು ನೆತ್ತಿಗೇರಿತು. ಅರಿವೆ ಬಿಸಾಡಿದರು. ಬರೀ ಕಣ್ಣಿನಲ್ಲೇ ನೋಡಿ, ಬಿಳಿಗೆ ಹಳದಿ ಹನಿಸಿ, ಚೂರು ಕಂದು ಸೇರಿಸಿ, ಕಾರಿಗೂ ಕವರಿಗೂ ಕೂದಲೆಳೆಯ ವ್ಯತ್ಯಾಸವಿಲ್ಲದಂತೆ ಹೊಡೆದುಕೊಟ್ಟರು.

ಆ ವಾರವೇ ಅಮರಪ್ಪನವರು ಕಾರು ತೊಳೆಸಿದರು. ಗಿರಣಿಯ ಅಂಗಳದಲ್ಲಿ ನಿಂತು ನಿಂತು, ಇಬ್ಬನಿಯ ಜೊತೆ ಮೈತುಂಬ ಅಂಟಿದ್ದ ತೌಡಿನ ಧೂಳೆಲ್ಲ ಹರಿದುಹೋಗಿ ಕಾರು ಹಾಲಿನಂತೆ ಬೆಳ್ಳಗಾಯಿತು. ಮಿರರ್ ಮಾತ್ರ ಎಲೆಅಡಿಕೆ ತಿಂದ ಹಲ್ಲಿನಂತೆ ಉಳಿಯಿತು.

“ಸಾಬ್ರ ಕಣ್ಣು ಹೋಗ್ಯಾವ,” ಎಂದು ಅವರು ಗ್ಯಾರೇಜ್ ಸಾಲಿನ ನಡುವೆ ನಿಂತು ಸಾರಿದರು. “ಇನ್ನ ಯಾರೂ ಇಲ್ಲಿ ಗಾಡಿ ಬಿಡಬ್ಯಾಡ್ರಿ.”

ಪೇಂಟರನ ಕಣ್ಣು ಹೋಯಿತೆಂಬ ಸುದ್ದಿ ಹಬ್ಬಿದರೆ ಅಂಗಡಿ ಮುಚ್ಚಿದಂತೆಯೇ. ಸಾಬರು ಮಿರರಿನ ಕವರ್ ಕಿತ್ತರು, ಬಾನೆಟ್ ಎತ್ತಿದರು, ನೀರು ತಾಗದೆ ತೌಡು ಉಳಿದಿದ್ದ ಸಂದಿಗೆ ಅದನ್ನು ಹಿಡಿದರು. ತೌಡು ಯಾವುದು, ಬಣ್ಣ ಯಾವುದು ಎಂದು ಗುರುತು ಸಿಗಲಿಲ್ಲ.

“ಯಾರ ಕಣ್ಣು ಹೋಗ್ಯಾವ, ಈಗ ಹೇಳ್ರಿ ಸಾವ್ಕಾರ್ರ.”

ಪಕ್ಕದ ಪಂಕ್ಚರ್ ಅಂಗಡಿಯ ಬಾಲಪ್ಪ ಬಗ್ಗಿ ನೋಡಿದ. “ಕಣ್ಣು ಭಾಳ ಛಲೋ ಅದಾವ ಚಾಚಾ. ಹೊಲಸಿಗೆ ಹೊಲಸು ಬರೋಬ್ಬರಿ ಕೂಡ್ಸೀರಿ.”

ಸಾಲಿಗೆ ಸಾಲೇ ನಕ್ಕಿತು. ಅಮರಪ್ಪನವರ ಮೇಲಿದ್ದ ಸಿಟ್ಟು ಸಾಬರಿಗೆ ತಮ್ಮ ಮೇಲೆಯೇ ತಿರುಗಿತು. ಇಷ್ಟು ವರ್ಷದ ಪದ್ಧತಿಯನ್ನು ಒಂದು ಗದರಿಕೆಗೆ ಬಿಟ್ಟುಕೊಟ್ಟವರು ಅವರೇ. ಅಂದೇ ಜಗಳ ತೆಗೆದು ಒರೆಸಬೇಕಿತ್ತು. ಬಣ್ಣ ಕೆರೆಯುವ ವಾಟರ್ ಪೇಪರ್ ತೆಗೆದುಕೊಂಡು ಆ ಕವರನ್ನು ಚರ್ಮ ಸುಲಿಯುವಂತೆ ತಿಕ್ಕಿದರು. ಅಂದಿನ ಅದೇ ಥಿನ್ನರ್ ಅರಿವೆಯಿಂದ ಕಾರಿನ ಬಾಗಿಲನ್ನು ಮೇಲಿಂದ ಕೆಳಗೆ ಒರೆಸಿದರು. ಅಡ್ಡ ಬರಹೋದ ಅಮರಪ್ಪನವರು ಸಾಬರ ಮುಖ ನೋಡಿ ಹಿಂದೆ ಸರಿದರು.

ಹೊಸ ಬಣ್ಣ ಒಣಗಿದಾಗ ಬಾಲಪ್ಪನೂ ತಪ್ಪು ಹುಡುಕಿ ಸೋತು ತನ್ನ ಟ್ಯೂಬಿಗೆ ಮರಳಿದ. ಅಮರಪ್ಪನವರು ಕಾರು ಹತ್ತಿ, ಗಾಜು ಇಳಿಸಿ, ಗತ್ತು ಬಿಡಲಾಗದೆ ಕೇಳಿದರು:

“ಸಾಬ್ರ, ಮತ್ತ ತೌಡು ಕುಂತ್ರ, ಗಾಡಿಗೂ ಇದಕ್ಕೂ ಫರಕ್ ಬರತೈತೇನು?”

“ತೌಡಿಗೆ ನಿಮ್ಮಷ್ಟು ಸೊಕ್ಕಿಲ್ಲ ಸಾವ್ಕಾರ್ರ. ಎರಡರ ಮ್ಯಾಲೂ ಕುಂದರತೈತಿ.”