ಹುಳ ಅನ್ನವ್ವಾ, ಹುಳ

ನಮ್ಮ ಮನೆಯಲ್ಲಿ ಹಾವಿಗೆ ಹಾವು ಅನ್ನುವುದಿಲ್ಲ. ಹುಳ ಅನ್ನುತ್ತೇವೆ. ಕಚ್ಚಿತು ಅನ್ನುವುದೂ ಇಲ್ಲ, ಮುಟ್ಟಿತು ಅನ್ನುತ್ತೇವೆ. ಈ ಕಾನೂನು ಮಾಡಿದವರು ನಮ್ಮ ಅತ್ತೆಯಲ್ಲ, ಅವರ ಅತ್ತೆಯೂ ಅಲ್ಲ. ಇಂಡಿ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ಅರ್ಧಕ್ಕರ್ಧ ಜನ ಹೀಗೇ ಮಾತಾಡುತ್ತಾರೆ. ಆದರೆ ಬೇರೆಯವರು ಮರೆಯುವಾಗ ಮರೆಯುತ್ತಾರೆ, ನಮ್ಮ ಅತ್ತೆ ಮರೆಯುವವರಲ್ಲ. ಹೆಸರು ಹಿಡಿದು ಕರೆದರೆ ಅದು ತನ್ನನ್ನೇ ಕರೆದರು ಅಂದುಕೊಂಡು ಬರುತ್ತದೆ ಎಂಬುದು ಅವರ ನಂಬಿಕೆ. ಬರೆದರೂ ಬರುತ್ತದೋ ಇಲ್ಲವೋ ಅವರು ಹೇಳಿಲ್ಲ, ನಾನೂ ಕೇಳಲು ಹೋಗಿಲ್ಲ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ಮುದ್ದೇಬಿಹಾಳದ ಕಡೆ, ಕೃಷ್ಣೆಯ ಹಿನ್ನೀರಿನ ದಂಡೆಯ ಊರಲ್ಲಿ. ಅಪ್ಪ ಮೀನು ಹಿಡಿಯುವವರ ದೋಣಿ ರಿಪೇರಿ ಮಾಡುತ್ತಿದ್ದ. ಅಲ್ಲಿ ಹೆದರಿಕೆ ಅಂದರೆ ಮೊಸಳೆಯದು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಕೆಸರಿನಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಬಿದ್ದಿರುತ್ತಿದ್ದವು. ಮಳೆಗಾಲದಲ್ಲಿ ಒಮ್ಮೊಮ್ಮೆ ಕಾಲುವೆ ಹಿಡಿದು ಕಬ್ಬಿನ ಹೊಲಕ್ಕೂ ಬಂದುಬಿಡುತ್ತಿದ್ದವು. ಮೊಸಳೆಯ ಹೊಟ್ಟೆಯಲ್ಲಿ ಅದು ನುಂಗಿದವರ ಬೆಳ್ಳಿ ಕಡಗಗಳು ಇರುತ್ತವೆ, ಅದು ತಿರುಗಿದಾಗ ಗಿಲಿಗಿಲಿ ಸದ್ದು ಕೇಳುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಾನು ಎಷ್ಟೋ ಸಲ ದಂಡೆಯಲ್ಲಿ ಕಿವಿಗೊಟ್ಟು ನಿಂತಿದ್ದೇನೆ. ಕೇಳಿದ್ದು ಕಪ್ಪೆಗಳ ಸದ್ದು ಮಾತ್ರ.

ಒಂದು ಮಧ್ಯಾಹ್ನ ಅಪ್ಪನಿಗೆ ಬುತ್ತಿ ಒಯ್ದಿದ್ದೆ. ಸ್ವಲ್ಪ ಆಚೆ ನಾಲ್ಕಾರು ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ನಿಂತು ಬಟ್ಟೆ ಒಗೆಯುತ್ತಿದ್ದರು. ಕೊರಡೊಂದು ಅವರ ಕಡೆಗೆ ತೇಲಿ ಬರುವುದು ನನಗೂ ಕಂಡಿತು. ಗಾಳಿ ಒಂದು ಕಡೆ ಬೀಸುತ್ತಿದ್ದರೆ ಈ ಕೊರಡು ಇನ್ನೊಂದು ಕಡೆ ಹೊರಟಿದೆಯಲ್ಲ ಎಂದು ನಾನು ಯೋಚಿಸುವಷ್ಟರಲ್ಲಿ ಅಪ್ಪ ದೋಣಿಯ ಮೇಲೆ ನಿಂತು "ಮೊಸಳಿ, ಮೊಸಳಿ" ಎಂದು ಗಂಟಲು ಹರಿಯುವಂತೆ ಕೂಗಿದ. ಹೆಂಗಸರು ಬಟ್ಟೆ ಬಿಟ್ಟು ದಂಡೆ ಹತ್ತಿದರು. ಒಂದು ಸೀರೆ ಮಾತ್ರ ನೀರಿನಲ್ಲಿ ಉಳಿಯಿತು. ಅದನ್ನು ಆ ಪ್ರಾಣಿ ಮೂಸಿ ನೋಡಿ, ಬೇಡವೆಂದು ಬಿಟ್ಟು, ಮುಳುಗಿ ಹೋಯಿತು.

"ಕಂಡಾವ್ರು ಹೆಸರು ಹೇಳಬೇಕವ್ವಾ," ಎಂದ ಅಪ್ಪ, ರೊಟ್ಟಿ ಮುರಿಯುತ್ತ. "ಸುಮ್ಮನ ಏ, ಏ ಅಂದ್ರ ಯಾರಿಗಿ ತಿಳಿತೈತಿ? ಆಕಳ ಬಂದೈತೋ, ಮೊಸಳಿ ಬಂದೈತೋ?"

ಆ ಪಾಠವನ್ನು ನಾನು ಗಂಡನ ಮನೆಗೆ ಗಂಟು ಕಟ್ಟಿಕೊಂಡೇ ಬಂದೆ. ಇಂಡಿಯಿಂದ ಆಲಮೇಲದ ಕಡೆ ಹೋಗುವಾಗ ಸಿಗುವ ಊರು, ಮನೆಯ ಹಿಂದೆಯೇ ನಿಂಬೆ ತೋಟ. ಬಂದು ಇನ್ನೂ ಹೊಸ ಸೀರೆಗಳ ಗಂಜಿ ಹೋಗಿರಲಿಲ್ಲ, ಒಂದು ದಿನ ಕಟ್ಟಿಗೆ ಒಟ್ಟಿದಲ್ಲಿ ಏನೋ ಸರಿದದ್ದು ಕಂಡು, ಅಪ್ಪ ಕಲಿಸಿದ ಹಾಗೆ, ಓಣಿಗೆಲ್ಲ ಕೇಳುವಂತೆ "ಹಾವು, ಹಾವು" ಎಂದು ಕೂಗಿದೆ. ಅತ್ತೆ ಓಡಿ ಬಂದರು. ಹಾವಿನ ಕಡೆ ನೋಡಲಿಲ್ಲ, ಬಂದವರೇ ನನ್ನ ಬಾಯಿ ಮುಚ್ಚಿದರು. ಅವರ ಕೈಗೆ ಜೋಳದ ಹಿಟ್ಟು ಹತ್ತಿತ್ತು.

"ಹುಳ ಅನ್ನವ್ವಾ, ಹುಳ."

"ಹುಳ ಬದನಿಕಾಯ್ದಾಗ ಇರ್ತೈತ್ರಿ ಅತ್ತಿ," ಎಂದೆ, ಬಾಯಿ ಬಿಡಿಸಿಕೊಂಡು. "ಇದು ಹಾವು."

ಹಾವು ಈ ಚರ್ಚೆ ಕೇಳುತ್ತ ಕೂರಲಿಲ್ಲ, ಹೋಗಿತ್ತು. ನಮ್ಮ ಚರ್ಚೆ ಮಾತ್ರ ವರ್ಷಗಟ್ಟಲೆ ನಡೆಯಿತು. ನಾನು ಬಾಯಿ ಜೋರಿನವಳು, ಅವರು ಹಟದವರು. ಬಳೆ ಒಡೆದರೆ ಅವರು "ಬಳಿ ಹೆಚ್ಚಾತು" ಅನ್ನುತ್ತಿದ್ದರು, ನಾನು ಚೂರುಗಳನ್ನು ಎತ್ತಿ ತೋರಿಸಿ "ಹೌದ್ರಿ, ಎರಡ ಇದ್ದದ್ದು ಆರಾಗ್ಯಾವ" ಅನ್ನುತ್ತಿದ್ದೆ. ನನ್ನ ಗಂಡ ಜಾಣ. ಅವನು ಹಾವನ್ನು ಹಾವೂ ಅನ್ನದೆ ಹುಳವೂ ಅನ್ನದೆ "ಅದು" ಎಂದು ಹೇಳಿ ಇಬ್ಬರಿಂದಲೂ ಪಾರಾಗುತ್ತಿದ್ದ.

ಹೆಸರು ಹೇಳದಿದ್ದರೇನು, ಅತ್ತೆ ಅದರ ಕತೆಗಳನ್ನು ಮಾತ್ರ ಧಾರಾಳವಾಗಿ ಹೇಳುತ್ತಿದ್ದರು. ಕೇರೆ ಬಂದು ಆಕಳಿನ ಕಾಲಿಗೆ ಸುತ್ತಿ ಹಾಲು ಕುಡಿಯುತ್ತದೆ. ಪೆಟ್ಟು ತಿಂದದ್ದು ಹನ್ನೆರಡು ವರ್ಷ ದ್ವೇಷ ಇಟ್ಟುಕೊಳ್ಳುತ್ತದೆ. ಎರಡು ಒಂದಕ್ಕೊಂದು ಹೆಣೆದುಕೊಂಡು ನಿಂತಾಗ ಮೇಲೆ ಬಟ್ಟೆ ಎಸೆದು, ಆ ಬಟ್ಟೆಯನ್ನು ಮನೆಯಲ್ಲಿಟ್ಟರೆ ಮನೆ ತುಂಬುತ್ತದೆ. ಈ ಕೊನೆಯದನ್ನು ಅವರು ಮಾಡಿಯೂ ಇದ್ದರು. ನನ್ನ ಗಂಡನ ಹೊಸ ಟವೆಲ್ಲನ್ನು ಬೇಲಿಯ ಹತ್ತಿರ ಎಸೆದು, ಅವು ಹೋದಮೇಲೆ ತಂದು ಟ್ರಂಕಿನಲ್ಲಿಟ್ಟಿದ್ದರು. ನಿಂಬೆಗೆ ಒಳ್ಳೆಯ ದರ ಬಂದಾಗಲೆಲ್ಲ ಟ್ರಂಕಿನ ಕಡೆ ಒಮ್ಮೆ ನೋಡುತ್ತಿದ್ದರು. ದರ ಬಿದ್ದಾಗ ನಾನು ನೋಡುತ್ತಿದ್ದೆ.

ನಗುತ್ತಿದ್ದೆನಾದರೂ ಒಂದು ಮಾತು ನನಗೆ ಗೊತ್ತಿತ್ತು. ಅತ್ತೆ ಚಿಕ್ಕವರಿದ್ದಾಗ ತಮ್ಮನೊಬ್ಬ ಹುಳ ಮುಟ್ಟಿ ಹೋಗಿದ್ದ. ಅವತ್ತು ಮುಂಜಾನೆ ಆತ ಆಟದ ಹುಮ್ಮಸ್ಸಿನಲ್ಲಿ ಅದರ ಹೆಸರು ಹಿಡಿದು ಹಾಡುತ್ತ ತಿರುಗಿದ್ದನಂತೆ. ಅಷ್ಟೇ ಹೇಳಿದ್ದರು. ಮತ್ತೆ ನಾನು ಕೇಳಿರಲಿಲ್ಲ.

ನನಗೆ ಮುಟ್ಟಿದ್ದು ಬೇಸಿಗೆಯ ಒಂದು ಮುಂಜಾನೆ. ಬಿಸಿಲೇರುವ ಮೊದಲು ಉದುರಿದ ನಿಂಬೆಹಣ್ಣು ಆರಿಸಬೇಕು. ಗಂಡ ಚಡಚಣಕ್ಕೆ ಹೋಗಿದ್ದ, ತೋಟದಲ್ಲಿ ನಾನು, ಅತ್ತೆ ಇಬ್ಬರೇ. ನಿಂಬೆ ಗಿಡದ ಕೆಳಗೆ ಕೈ ಹಾಕುವವರ ಕೈಗಳನ್ನು ನೋಡಬೇಕು, ಮೊಣಕೈವರೆಗೂ ಮುಳ್ಳು ಗೀರಿದ ಗೆರೆಗಳು. ಬಲಗೈ ಬೆರಳಿಗೆ ಏನೋ ಚುಚ್ಚಿದಾಗ ಮುಳ್ಳೇ ಅಂದುಕೊಂಡೆ. ಕೈ ಹಿಂದೆ ಎಳೆದರೆ ಒಣಗಿದ ಎಲೆಗಳ ನಡುವೆ ಹೆಡೆ ಎದ್ದು ನಿಂತಿತ್ತು. ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಆಮೇಲೆ ಅದು ತಲೆ ಇಳಿಸಿ, ಅವಸರವಿಲ್ಲದೆ ಬದುವಿನ ಕಡೆ ಹೋಯಿತು.

"ಅತ್ತೀ, ನಾಗರಹಾವು ಕಚ್ಚಿತ್ರಿ."

"ಹುಳ ಅನ್ನವ್ವಾ," ಎಂದರು ಅತ್ತೆ, ಆಗಲೂ. ಬುಟ್ಟಿ ಬಿಸಾಡಿ, ಸೆರಗಿನಲ್ಲಿ ನನ್ನ ಕೈಯನ್ನು ಜೋಳಿಗೆಯ ಹಾಗೆ ಎತ್ತಿ ಹಿಡಿದು, ನಡೆಸಿಕೊಂಡು ರಸ್ತೆಗೆ ತಂದರು. ನಿಂಬೆ ಚೀಲ ಒಯ್ಯಲು ಬಂದ ಪಕ್ಕದ ಮನೆಯವರ ಟೆಂಪೊ ನಿಂತಿತ್ತು, ನಮ್ಮ ಪುಣ್ಯ. ಚಾಲಕ ನೋಡಿದವನೇ ಚೀಲ ಹೇರುವುದನ್ನೂ ಬಿಟ್ಟು ಗಾಡಿ ಚಾಲೂ ಮಾಡಿದ.

"ಹುಳ ಮುಟ್ಟೈತೇನ್ರಿ? ಗುಡಿ ಕಡೆ ಹೊಡೀಲೇನ್ರಿ, ಮಂತ್ರ ಹಾಕಾವ್ರ ಕಡೆ?"

"ದವಾಖಾನಿಗಿ ಹೊಡಿಯಪ್ಪಾ," ಎಂದರು ಅತ್ತೆ. "ನನ್ನ ತಮ್ಮನ್ನ ಗುಡಿಗೇ ಒಯ್ದಿದ್ರು."

ಮಂತ್ರ, ದ್ವೇಷ, ಟವೆಲ್ಲು ಎಲ್ಲವನ್ನೂ ನಂಬುವ ಹೆಂಗಸು ಆ ಒಂದು ಮಾತನ್ನು ಅಷ್ಟು ಬೇಗ ಹೇಳದಿದ್ದರೆ ಈ ಬರಹವಿರುತ್ತಿರಲಿಲ್ಲ. ಅವರ ಕಾಲಲ್ಲಿ ಚಪ್ಪಲಿ ಇಲ್ಲದ್ದು ನನಗೆ ಕಂಡದ್ದು ಟೆಂಪೊದಲ್ಲಿ. ದಾರಿಯಲ್ಲಿ ಬೆರಳು ಉಬ್ಬಿ ಕೈ ಸುಡತೊಡಗಿತು. ಇಂಡಿ ಹತ್ತಿರವಾಗುವಾಗ ರೆಪ್ಪೆಗಳು ಭಾರವಾದವು. ರಸ್ತೆ ಬದಿಯ ಬೋರ್ಡುಗಳು ಎರಡೆರಡಾಗಿ ಕಾಣುತ್ತಿದ್ದವು. ಏನೋ ಹೇಳಲು ಹೋದರೆ ನಾಲಿಗೆ ಬಾಯಲ್ಲಿ ಬೇರೆಯವರದು ಇಟ್ಟ ಹಾಗಿತ್ತು.

ದವಾಖಾನೆಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು, ಮೈಸೂರು ಕಡೆಯ ಮಾತು, ನಮ್ಮ ಕಡೆಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ನರ್ಸು ಆಚೆ ಹೆರಿಗೆ ಕೋಣೆಯಲ್ಲಿದ್ದರು. ಟೆಂಪೊದವನು ಗಾಡಿ ಪಕ್ಕಕ್ಕೆ ನಿಲ್ಲಿಸಲು ಹೋಗಿದ್ದ.

"ಏನಾಯ್ತಮ್ಮ?"

"ಹುಳ ಮುಟ್ಟೈತ್ರಿ ಸಾಹೇಬ್ರ," ಎಂದರು ಅತ್ತೆ.

ಡಾಕ್ಟರು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಅಷ್ಟು ಮುಳ್ಳಿನ ಗೀರುಗಳ ನಡುವೆ ಹಲ್ಲಿನ ಗುರುತು ಯಾವುದು ಎಂದು ಯಾರು ಹೇಳಬೇಕು.

"ಯಾವ ಹುಳ? ಕಣಜಾನಾ, ಜರಿನಾ?"

"ಅಲ್ರಿ. ಹುಳ ರಿ. ಉದ್ದನ್ನ ಹುಳ."

"ಹಾಗಾದ್ರೆ ಜರಿನೇ. ಕೆಲವರಿಗೆ ಮೈಗೆ ಒಗ್ಗಲ್ಲ, ಹೀಗೆ ಕಣ್ಣು ಊದುತ್ತೆ. ಗಾಬರಿ ಬೇಡ, ಇಂಜೆಕ್ಷನ್ ಕೊಡ್ತೀನಿ."

ಅವರದೇನೂ ತಪ್ಪಿಲ್ಲ. ಅವರು ಬೆಳೆದಲ್ಲಿ ಹುಳ ಅಂದರೆ ಹುಳವೇ. ನಾನು ಹೇಳಬೇಕಿತ್ತು. ಓಣಿಗೆಲ್ಲ ಕೇಳುವಂತೆ ಆ ಹೆಸರು ಕೂಗುತ್ತ ಬಂದವಳು ನಾನೇ ತಾನೆ. ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಬಾಯಿ ತೆರೆದೆ. "ಹಾ" ಎಂದು ಬಂತು. ಮುಂದಿನದು ಬರಲಿಲ್ಲ. ಮತ್ತೆ "ಹಾ" ಎಂದೆ.

"ಹಾಂ, ನೋವಾಗುತ್ತೆ, ಗೊತ್ತು," ಎಂದರು ಡಾಕ್ಟರು ಮೃದುವಾಗಿ, ಮತ್ತು ಔಷಧದ ಕಪಾಟಿನ ಕಡೆ ತಿರುಗಿದರು.

ನಾನು ಅತ್ತೆಯ ಕಡೆ ನೋಡಿದೆ. ನನ್ನ ಅರ್ಧ ಮುಚ್ಚಿದ ಕಣ್ಣಿಗೆ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಅವರಿಗೆ ನನ್ನ "ಹಾ" ಏನೆಂದು ತಿಳಿದಿತ್ತು. ಅದರ ಉಳಿದರ್ಧವನ್ನು ಹೇಳಿದರೆ ಏನಾಗುತ್ತದೆಂದೂ ಅವರ ಲೆಕ್ಕದಲ್ಲಿ ತಿಳಿದಿತ್ತು. ಅವರು ಮಂಚದ ಸರಳನ್ನು ಹಿಡಿದುಕೊಂಡರು.

"ಹಾವು," ಎಂದರು. "ಹಾವ್ರಿ ಸಾಹೇಬ್ರ. ನಾಗರಹಾವು ಕಚ್ಚೈತಿ. ನನ್ನ ಸೊಸಿಗಿ ನಾಗರಹಾವು ಕಚ್ಚೈತಿ."

ಹುಟ್ಟಿದಾಗಿನಿಂದ ಉಳಿಸಿಟ್ಟದ್ದನ್ನೆಲ್ಲ ಒಮ್ಮೆಲೇ ಖರ್ಚು ಮಾಡಿದ ಹಾಗಿತ್ತು. ಡಾಕ್ಟರು ತಿರುಗಿದರು. ಅದಾದ ಮೇಲಿನದು ನನಗೆ ತುಂಡು ತುಂಡಾಗಿ ಮಾತ್ರ ನೆನಪಿದೆ. ನರ್ಸು ಓಡಿ ಬಂದದ್ದು, ಬಾಟಲಿಗಳು, ಮೂಗಿನ ಮೇಲೆ ಕೂತ ಮುಖವಾಡ, ಆ ಹುಡುಗ ಡಾಕ್ಟರು ನನ್ನ ನಾಡಿಯಿಂದ ಕೈ ತೆಗೆಯದೆ ನಿಂತದ್ದು, ವಿಜಯಪುರದವರೆಗೆ ಆಂಬ್ಯುಲೆನ್ಸಿನಲ್ಲಿ ತಾವೇ ಬಂದದ್ದು. ಅವರ ಋಣ ನನ್ನ ಮೇಲೆ ಯಾವಾಗಲೂ ಇದೆ. ಅವರು ಈಗ ವರ್ಗವಾಗಿ ಹೋಗಿದ್ದಾರೆ. ಎಲ್ಲಿದ್ದರೂ ಚೆನ್ನಾಗಿರಲಿ. ಆಂಬ್ಯುಲೆನ್ಸಿನಲ್ಲಿ ಅತ್ತೆ ನನ್ನ ಕಾಲ ಬಳಿ ಕೂತು, ಎರಡೂ ಕೈಗಳಿಂದ ತಮ್ಮ ಬಾಯಿ ಒತ್ತಿ ಹಿಡಿದಿದ್ದರು. ಅಳುತ್ತಿದ್ದಾರೆ ಅಂದುಕೊಂಡೆ.

ಬದುಕಿ ಮನೆಗೆ ಬಂದೆ. ತೋರುಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಬಂದ ದಿನವೇ ನೋಡಿದರೆ ಅತ್ತೆಯ ಮಂಚ ಪಡಸಾಲೆಯಿಂದ ಎದ್ದು ನನ್ನ ಕೋಣೆಯ ಬಾಗಿಲಿಗೆ ಅಡ್ಡವಾಗಿ ಬಂದಿತ್ತು. ನನ್ನ ಆರೈಕೆಗೆ ಇರಬೇಕು ಅಂದುಕೊಂಡೆ. ನಾನು ಎದ್ದು ಓಡಾಡುವಂತಾದ ಮೇಲೂ ಮಂಚ ಸರಿಯಲಿಲ್ಲ. ಹಗಲಲ್ಲೂ ಅವರು ಅಲ್ಲೇ, ಹೊಸ್ತಿಲ ಆಚೆ ಕೂತು ಬೆಳ್ಳುಳ್ಳಿ ಸುಲಿಯುವುದು, ಜೋಳ ಹಸನು ಮಾಡುವುದು. ಮುಖ ಮಾತ್ರ ಅಂಗಳದ ಕಡೆ. ನನ್ನ ಗಂಡ ಕೇಳಿದರೆ "ಇಲ್ಲಿ ಗಾಳಿ ಐತಿ" ಅಂದರು. ಅಲ್ಲಿ ಗಾಳಿಯ ಸುಳಿವೂ ಇರಲಿಲ್ಲ.

ಒಂದು ಮಧ್ಯಾಹ್ನ ನಾನೇ ಕೇಳಿದೆ. "ಯಾಕ್ರಿ ಅತ್ತಿ, ಬಾಗಲಾ ಕಾಯಾಕತ್ತೀರೇನ್ರಿ?"

ಅವರು ಬೆಳ್ಳುಳ್ಳಿಯಿಂದ ಕಣ್ಣೆತ್ತಲಿಲ್ಲ.

"ಹೆಸರು ಹಿಡಿದು ಕರದೇನವ್ವಾ, ದವಾಖಾನ್ಯಾಗ. ಒಂದಲ್ಲ, ನಾಕೈದ ಸಲ. ಕರದಾಕಿ ನಾನು. ಬಂದ್ರ ಮೊದಲ ನಾ ಸಿಗಬೇಕಲ್ಲ ಅದಕ. ನಿನ್ನ ಹಂತ್ಯಾಕ ಹೋಗಬಾರದು."

ಹಾವಿಗೆ ಕಿವಿಯೇ ಇಲ್ಲ, ಕರೆದದ್ದು ಅದಕ್ಕೆ ಕೇಳುವುದಿಲ್ಲ ಎಂಬ ವಾದ ನಾಲಿಗೆಯ ತುದಿಯಲ್ಲೇ ಇತ್ತು, ಅದನ್ನು ಅಲ್ಲೇ ಬಿಟ್ಟೆ. ಆ ಹೆಂಗಸು ಇಷ್ಟು ದಿನ ನನಗೆ ಬರಬಹುದಾದ ಸಾವಿಗೆ ತಾನು ಅಡ್ಡ ಮಲಗಿದ್ದಳು, ಮತ್ತು ಅದನ್ನು ಗಾಳಿ ಎಂದು ಕರೆದಿದ್ದಳು. ನನ್ನ ಹೆತ್ತವ್ವನೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ. ನಾನು ಹೋಗಿ ಹೊಸ್ತಿಲ ಮೇಲೆ ಕೂತೆ.

"ಹೊಸ್ತಲಾ ಮ್ಯಾಲ ಕೂಡಬಾರ್ದು," ಎಂದರು.

ನಾನು ಏಳಲಿಲ್ಲ. "ನೀವು ಕರದ್ರಿ ಅತ್ತಿ. ನಾನು ಬಂದ್ನಿ ನೋಡ್ರಿ."

ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡು, ಬೆಳ್ಳುಳ್ಳಿಯ ಮೊರವನ್ನು ನನ್ನ ಕಡೆಗೂ ಸಿಗುವಂತೆ ನಡುವೆ ಸರಿಸಿದರು. ನನ್ನ ಬೆರಳು ಮಡಚದೆ ಸಿಪ್ಪೆ ಬಿಡಿಸಲು ಬರುತ್ತಿರಲಿಲ್ಲ. ಅದನ್ನು ನೋಡಿ, ದಪ್ಪನೆಯ ಎಸಳುಗಳನ್ನು ಆರಿಸಿ ನನ್ನ ಮುಂದೆ ಹಾಕಿದರು.

ಮಂಚ ಇಂದಿಗೂ ಅಲ್ಲೇ ಇದೆ. ಮೊನ್ನೆ ತೋಟದಲ್ಲಿ ಗಿಡದ ಬುಡದಲ್ಲಿ ಒಂದು ಸರಿದದ್ದು ಕಂಡಿತು. "ಅತ್ತೀ, ಹುಳ ಐತ್ರಿ, ಅಲ್ಲೇ ನಿಂದರ್ರಿ," ಎಂದು ಕೂಗಿದೆ.

"ಯಾವ ಹುಳ?" ಎಂದರು ಅತ್ತೆ ಹಿಂದಿನಿಂದ, ಒಂದು ಹೆಜ್ಜೆ ನನ್ನ ಮುಂದೆ ಬರುತ್ತ. "ಬಿಡಿಸಿ ಹೇಳವ್ವಾ."